ಬೇರಿಂಗ್ ಹಾಕಿಸಿದ ದಿನದಿಂದ ಎಬಿಎಸ್ ದೀಪ

ಪ್ರಶ್ನೆ: ಅಣ್ಣಾ, ನಮ್ಮ ಕಾರಿನ ಮುಂದಿನ ಎಡ ಚಕ್ರ ಗುಂಯ್‌ಗುಡುತ್ತಿತ್ತು. ಬೇರಿಂಗ್ ಬದಲಾಯಿಸಿದ ಮೇಲೆ ಸದ್ದು ಹೋಯಿತು. ಆದರೆ ಅಂದಿನಿಂದ ಗಾಡಿ ಹೊರಟು 20 ಕಿ.ಮೀ. ವೇಗ ದಾಟುತ್ತಲೇ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ, ಜಾರುವ ಕಾರಿನ ಚಿತ್ರದ ದೀಪ ಎರಡೂ ಹತ್ತುತ್ತವೆ. ಸ್ಕ್ಯಾನರ್‌ನಲ್ಲಿ ‘ಮುಂದಿನ ಎಡ ಸೆನ್ಸರ್, ಸಿಗ್ನಲ್ ಇಲ್ಲ’ ಅಂತ ಬರುತ್ತದೆ. ಚಕ್ರದ ವೇಗ ಅಳೆಯುವ ಆ ಸೆನ್ಸರ್ ಎರಡು ಸಲ ಹೊಸದು ಹಾಕಿದರು. ಈಗ ಎಬಿಎಸ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಮಾಡ್ಯೂಲೇ ಹೋಗಿದೆ ಅನ್ನುತ್ತಿದ್ದಾರೆ. ಅಪ್ಪನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ದಾವಣಗೆರೆಗೆ ಕರೆದೊಯ್ಯಬೇಕು. ಏನು ಮಾಡಲಿ?
ಓದುಗರೊಬ್ಬರು, ಭರಮಸಾಗರ

ಉತ್ತರ: ಮಾಡ್ಯೂಲ್‌ಗೆ ಒಪ್ಪಬೇಡಿ. ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ. ದೀಪ ಹತ್ತಿದ್ದು ಬೇರಿಂಗ್ ಹಾಕಿಸಿದ ದಿನದಿಂದ.

ಸ್ಕ್ಯಾನರ್ ಹೇಳಿದ್ದು ಆ ಚಕ್ರದಿಂದ ಸಿಗ್ನಲ್ ಬರುತ್ತಿಲ್ಲ ಅಂತ ಮಾತ್ರ, ಸೆನ್ಸರ್ ಕೆಟ್ಟಿದೆ ಅಂತಲ್ಲ. ವೈರ್ ತುಂಡಾಗಿದ್ದರೆ ಕೀ ತಿರುಗಿಸಿದ ಮೇಲೆ ದೀಪ ಆರುತ್ತಲೇ ಇರಲಿಲ್ಲ. ನಿಮ್ಮದರಲ್ಲಿ ಆರಿ, ಓಡಲು ಶುರುವಾದ ಮೇಲೆ ಹತ್ತುತ್ತದೆ. ಮೂರು ಚಕ್ರ ತಿರುಗುತ್ತಿವೆ, ನಾಲ್ಕನೆಯದು ಸೊನ್ನೆ ತೋರಿಸುತ್ತಿದೆ ಎಂದು ಮಾಡ್ಯೂಲ್ ಆಗಲೇ ಕಂಡುಹಿಡಿಯುವುದು. ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಜಾರು ತಡೆಯುವ ವ್ಯವಸ್ಥೆಗೂ ಅದೇ ಚಕ್ರದ ಲೆಕ್ಕ ಬೇಕು, ಹಾಗಾಗಿ ಅದರ ದೀಪವೂ ಹತ್ತುತ್ತದೆ.

ಈಗಿನ ಬಹಳಷ್ಟು ಕಾರುಗಳಲ್ಲಿ ಸೆನ್ಸರ್ ಓದುವುದು ಬೇರಿಂಗ್‌ನ ಒಂದು ಬದಿಯ ಸೀಲಿನಲ್ಲಿರುವ ಮ್ಯಾಗ್ನೆಟ್ ಪಟ್ಟಿಯನ್ನು. ಕಣ್ಣಿಗೆ ಎರಡು ಬದಿಯೂ ಹೆಚ್ಚುಕಡಿಮೆ ಒಂದೇ. ಲೇತ್ ಅಂಗಡಿಯಲ್ಲಿ ಪ್ರೆಸ್ ಹೊಡೆಯುವಾಗ ಅದನ್ನು ತಿರುಗಾಮುರುಗಾ ಕೂರಿಸಿದರೆ ಚಕ್ರ ಚೆನ್ನಾಗಿಯೇ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಸೆನ್ಸರ್‌ಗೆ ಮಾತ್ರ ಓದಲು ಏನೂ ಸಿಗುವುದಿಲ್ಲ. ಎಬಿಎಸ್ ಇಲ್ಲದ ಮಾಡೆಲ್‌ನ ಅದೇ ಅಳತೆಯ ಬೇರಿಂಗ್ ಹಾಕಿದ್ದರೂ ಹೀಗೇ ಆಗುತ್ತದೆ. ಪಿ.ಬಿ. ರಸ್ತೆಯ ನನ್ನ ಶೆಡ್ಡಿಗೆ ಎರಡೂ ಬಗೆಯವು ಬಂದಿವೆ.

ಗುಂಡುಪಿನ್ನಿನಿಂದಲೇ ಪತ್ತೆ ಮಾಡಬಹುದು. ಹಳೆಯ ಬೇರಿಂಗ್ ಇದ್ದರೆ ಮೊದಲು ಅದರ ಎರಡೂ ಸೀಲಿಗೆ ಪಿನ್ ಮುಟ್ಟಿಸಿ. ಒಂದು ಬದಿ ಮೆಲ್ಲಗೆ ಹಿಡಿದುಕೊಂಡರೆ ನಿಮ್ಮದು ಮ್ಯಾಗ್ನೆಟ್ ಬೇರಿಂಗ್. ಆಮೇಲೆ ಸೆನ್ಸರ್ ಬಿಚ್ಚಿ, ಪಿನ್ನಿಗೆ ದಾರ ಕಟ್ಟಿ (ಒಳಗೆ ಬಿದ್ದರೆ ಪಜೀತಿ) ಆ ರಂಧ್ರದೊಳಗೆ ಸೀಲಿಗೆ ತಾಗಿಸಿ. ಅಲ್ಲಿ ಅಂಟದಿದ್ದರೆ ತಪ್ಪು ಬೇರಿಂಗ್‌ನದೇ. ಹಳೆಯದರ ಯಾವ ಬದಿಯೂ ಹಿಡಿಯದಿದ್ದರೆ ನಿಮ್ಮ ಗಾಡಿಯಲ್ಲಿ ಮ್ಯಾಗ್ನೆಟ್ ಪಟ್ಟಿಯ ಬದಲು ಸೆನ್ಸರ್ ಓದುವ ಹಲ್ಲಿನ ರಿಂಗ್ ಇರುತ್ತದೆ. ಅದು ಬಿರುಕು ಬಿಟ್ಟಿದೆಯೇ, ಜಾಗ ಬಿಟ್ಟು ಸರಿದಿದೆಯೇ ನೋಡಿಸಿ.

ಮ್ಯಾಗ್ನೆಟ್ ಪಟ್ಟಿ ಓದುವ ಸೆನ್ಸರ್‌ಗೆ ಮೀಟರ್‌ನಲ್ಲಿ ಓಮ್ಸ್ (ಕರೆಂಟಿಗೆ ಇರುವ ತಡೆ) ಹಿಡಿದು ‘ಹೋಗಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕರೆಂಟನ್ನು ಸುಮಾರು 7 ಮತ್ತು 14 ಮಿಲಿಆಂಪಿಯರ್ ನಡುವೆ ಬದಲಿಸುತ್ತಾ ಕೆಲಸ ಮಾಡುವಂಥದ್ದು, ಓಮ್ಸ್‌ಗೆ ಸಿಕ್ಕುವುದಿಲ್ಲ.

ಇದು ಸರಿಯಾಗುವವರೆಗೆ ಇದೇ ಗಾಡಿಯಲ್ಲಿ ಅಪ್ಪನವರನ್ನು ಕರೆದೊಯ್ಯಬಹುದು. ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಬಹುದು. ಹೈವೇ ಲಾರಿಗಳಿಂದ ದೂರವಿರಿ, ಮಳೆಯಲ್ಲಿ ಇನ್ನೂ ನಿಧಾನ. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದರೆ ಮಾತ್ರ ಅಲ್ಲೇ ನಿಲ್ಲಿಸಿ, ಬೇರೆ ಗಾಡಿ ಮಾಡಿಕೊಂಡು ಹೋಗಿ.

ಪ್ರೆಸ್‌ನಲ್ಲಿ ಕಿತ್ತ ಬೇರಿಂಗನ್ನೇ ತಿರುಗಿಸಿ ಹಾಕಲು ಬಿಡಬೇಡಿ, ಕೀಳುವಾಗ ಒಳಗಿನ ಗುಂಡುಗಳಿಗೆ ಪೆಟ್ಟು ಬಿದ್ದಿರುತ್ತದೆ. ಹೊಸದು ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿಕೊಂಡೇ ನೇರ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ನಾಲ್ಕೂ ಚಕ್ರದ ವೇಗ ಒಂದೇ ಸಮ ಬರುವುದನ್ನು ನೀವೇ ನೋಡಿ, ಆಮೇಲೆ ದುಡ್ಡು ಕೊಡಿ.