ಷಾರ್ಲೆಟ್ ಸತ್ತದ್ದು ಎಲ್ಲಿ? ಲೇಖನ ಕಳಿಸಿದವರಿಗೆ ಸಂಪಾದಕರ ಉತ್ತರ

ನಮಸ್ಕಾರ ಮೇಡಂ,

ಅಮೆರಿಕದ ಲೇಖಕ ಇ. ಬಿ. ವೈಟ್ ಅವರ ‘ಷಾರ್ಲೆಟ್ಸ್ ವೆಬ್’ (ಷಾರ್ಲೆಟ್ ಎಂಬ ಜೇಡದ ಬಲೆ) ಎಂಬ ಮಕ್ಕಳ ಕಾದಂಬರಿಯ ಸಾಹಿತ್ಯಿಕ ಅಂಶಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸ್ನೇಹ, ‘ನಮ್ಮವರು’ ಎನ್ನುವ ಭಾವ, ಇವೆರಡೂ ಈ ಪುಸ್ತಕದಲ್ಲಿ ಹೇಗೆ ಬಂದಿವೆ ಅಂತ ತೋರಿಸುವುದು ನಿಮ್ಮ ಉದ್ದೇಶ. ಈಗಿರುವ ರೂಪದಲ್ಲಿ ಲೇಖನವನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಒಂದೇ ಸಾಲಿನಲ್ಲಿ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ನಿಮ್ಮ ಕೊನೆಯ ಪುಟದಲ್ಲಿ ಒಂದು ನಿಜವಾದ ಮಾತಿದೆ. ಅದು ನೀವೇ ಕಂಡುಕೊಂಡದ್ದು. ಅದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತೆಗೆದುಹಾಕಬೇಕಾದ್ದನ್ನು ಹೇಳಿಬಿಡುತ್ತೇನೆ. ‘ಇಂದಿನ ಮಕ್ಕಳು ಮೊಬೈಲಿನಲ್ಲಿ ಮುಳುಗಿದ್ದಾರೆ’ ಎಂಬ ಆರಂಭ ಬೇಡ. ಅದಕ್ಕೂ ಈ ಪುಸ್ತಕಕ್ಕೂ ಸಂಬಂಧವಿಲ್ಲ. ಕಾದಂಬರಿ 1952ರಲ್ಲಿ ಬಂತು, ಗಾರ್ತ್ ವಿಲಿಯಮ್ಸ್ ಚಿತ್ರ ಬರೆದರು, ಮರುವರ್ಷ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಆನರ್ ಗೌರವ ಸಿಕ್ಕಿತು. ಇಷ್ಟು ಹೇಳಲು ಒಂದು ವಾಕ್ಯ ಸಾಕು, ನೀವು ಒಂದೂವರೆ ಪುಟ ತೆಗೆದುಕೊಂಡಿದ್ದೀರಿ. ಲೇಖಕರ ಬದುಕಿನಿಂದ ಒಂದೇ ಸಂಗತಿ ಉಳಿಸಿಕೊಳ್ಳಿ. ವೈಟ್ ಅವರಿಗೆ ಮೇನ್ ರಾಜ್ಯದಲ್ಲಿ ತೋಟವಿತ್ತು, ಹಂದಿ ಸಾಕುತ್ತಿದ್ದರು. ಕಡಿಯಲೆಂದೇ ಸಾಕಿದ್ದ ಒಂದು ಹಂದಿ ಕಾಯಿಲೆ ಬಿದ್ದಾಗ ಅದನ್ನು ಉಳಿಸಲು ಒದ್ದಾಡಿ, ಉಳಿಸಲಾಗದೆ ಹೋದದ್ದನ್ನು 1948ರಲ್ಲಿ ಒಂದು ಪ್ರಬಂಧವಾಗಿ ಬರೆದರು. ಕೊಲ್ಲಬೇಕಾದ ಪ್ರಾಣಿಯ ಮೇಲೆ ಹುಟ್ಟುವ ಮಮತೆ ಕಾದಂಬರಿಯಲ್ಲೂ ಉದ್ದಕ್ಕೂ ಇದೆ. ಹಾಗಾಗಿ ಆ ಸಂಗತಿ ನಿಮ್ಮ ವಾದಕ್ಕೆ ಕೆಲಸಕ್ಕೆ ಬರುತ್ತದೆ.

ಕಥೆ ಹೇಳುವುದಕ್ಕೆ ನೀವು ಲೇಖನದ ಅರ್ಧ ಭಾಗ ಕೊಟ್ಟಿದ್ದೀರಿ. ಪುಸ್ತಕ ಓದದವರಿಗೆ ಇಷ್ಟು ಹೇಳಿದರೆ ಸಾಕು: ಸಣಕಲು ಹಂದಿಮರಿಯೊಂದನ್ನು ಕೊಲ್ಲಲು ಅಪ್ಪ ಕೊಡಲಿ ಹಿಡಿದು ಹೊರಟಾಗ ಎಂಟು ವರ್ಷದ ಫರ್ನ್ ತಡೆಯುತ್ತಾಳೆ. ವಿಲ್ಬರ್ ಎಂದು ಹೆಸರಿಟ್ಟು ಬಾಟಲಿ ಹಾಲು ಕುಡಿಸಿ ಸಾಕುತ್ತಾಳೆ. ಐದು ವಾರ ಆಗುತ್ತಲೇ ಅವನು ಆರು ಡಾಲರಿಗೆ ನೆಂಟ ಜುಕರ್‌ಮನ್‌ನ ಕೊಟ್ಟಿಗೆ ಸೇರುತ್ತಾನೆ. ಚಳಿ ಬಂದಾಗ ಅವನನ್ನು ಕಡಿಯುತ್ತಾರೆ ಅಂತ ಮುದಿ ಕುರಿ ಹೇಳುತ್ತದೆ. ಕೊಟ್ಟಿಗೆಯ ಬಾಗಿಲ ಮೇಲಿನ ಜೇಡ ಷಾರ್ಲೆಟ್ ತನ್ನ ಬಲೆಯಲ್ಲಿ ಅವನನ್ನು ಹೊಗಳುವ ಪದಗಳನ್ನು ನೇಯುತ್ತಾಳೆ. ಜನ ಬೆರಗಾಗಿ ಬಂದು ನೋಡುತ್ತಾರೆ, ವಿಲ್ಬರ್ ಉಳಿಯುತ್ತಾನೆ.

ಈಗ ಮುಖ್ಯ ತೊಂದರೆ. ಪಾತ್ರ, ಕಥಾಹಂದರ, ಹಿನ್ನೆಲೆ, ಸಂಕೇತ, ನಿರೂಪಣೆ, ಆಶಯ ಅಂತ ಆರು ಉಪಶೀರ್ಷಿಕೆ ಹಾಕಿ, ಪ್ರತಿಯೊಂದರ ಕೆಳಗೆ ಒಂದು ಪ್ಯಾರಾ ಬರೆದಿದ್ದೀರಿ. ನೀವು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೀರಿ ಅಂತ ಕಾಗದದಲ್ಲಿ ಹೇಳಿದ್ದೀರಿ. ಪರೀಕ್ಷೆಯ ಉತ್ತರಕ್ಕೆ ಈ ಕ್ರಮ ಸರಿ. ಆದರೆ ಪ್ರತಿ ಅಂಶಕ್ಕೂ ಹೆಸರಿಟ್ಟು ಮುಂದೆ ಹೋಗಿದ್ದೀರಿ. ಅದು ಆ ಜಾಗದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಎಲ್ಲೂ ಕೇಳಿಕೊಂಡಿಲ್ಲ. ‘ಹಿನ್ನೆಲೆ: ಅಮೆರಿಕದ ಒಂದು ಹಳ್ಳಿಯ ಕೊಟ್ಟಿಗೆ’ ಅಂದರೆ ಅದು ವಿಳಾಸ. ವಿಶ್ಲೇಷಣೆ ಅಲ್ಲಿಂದ ಮುಂದೆ ಶುರುವಾಗಬೇಕು.

ಆ ಕೊಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಮೂರನೇ ಅಧ್ಯಾಯ ಅದರ ವಾಸನೆಗಳಿಂದ ಶುರುವಾಗುತ್ತದೆ. ಒಣಹುಲ್ಲು, ಗೊಬ್ಬರ, ದಣಿದ ಕುದುರೆಗಳ ಬೆವರು, ಹಸುಗಳ ಉಸಿರು, ಧಾನ್ಯ, ಗಾಡಿಯ ಗ್ರೀಸು, ಹೊಸ ಹಗ್ಗ. ಇನ್ನು ಈ ಲೋಕದಲ್ಲಿ ಕೆಟ್ಟದ್ದು ಏನೂ ನಡೆಯಲಾರದು ಎನ್ನುವಂಥ ನೆಮ್ಮದಿಯ ವಾಸನೆ ಅದು ಅಂತ ವೈಟ್ ಹೇಳುತ್ತಾರೆ. ಏಳನೇ ಅಧ್ಯಾಯಕ್ಕೆ ಬಂದರೆ, ಅದೇ ಕೊಟ್ಟಿಗೆಯಲ್ಲಿ ಮುದಿ ಕುರಿ ಸಾವಿನ ಸುದ್ದಿ ಕೊಡುತ್ತದೆ. ನೆಮ್ಮದಿ ಕೊಟ್ಟ ಜಾಗವೇ ಕೊಲ್ಲುವ ಜಾಗವೂ ಆಯಿತು. ಜಾಗ ಬದಲಾಗಿಲ್ಲ, ವಿಲ್ಬರ್‌ಗೆ ತಿಳಿದದ್ದು ಬದಲಾಗಿದೆ.

ಅದೇ ಮೂರನೇ ಅಧ್ಯಾಯದಲ್ಲಿ ವಿಲ್ಬರ್ ತಪ್ಪಿಸಿಕೊಳ್ಳುವ ಪ್ರಸಂಗವನ್ನು ನೀವು ‘ಹಾಸ್ಯ’ ಅಂತ ಕರೆದಿದ್ದೀರಿ. ನಗು ಬರುತ್ತದೆ, ನಿಜ. ಆದರೆ ನಿಧಾನವಾಗಿ ನೋಡಿ. ಹೆಬ್ಬಾತು ಸಡಿಲವಾದ ಹಲಗೆ ತೋರಿಸುತ್ತದೆ, ಅವನು ಹೊರಗೆ ಬರುತ್ತಾನೆ. ಎಲ್ಲರೂ ಬೆನ್ನಟ್ಟುತ್ತಾರೆ. ಎತ್ತ ಓಡಬೇಕು ಅಂತ ಅವನಿಗೆ ತಿಳಿಯುವುದಿಲ್ಲ. ಜುಕರ್‌ಮನ್ ಕಲಗಚ್ಚಿನ ಬಕೆಟ್ಟು ತೋರಿಸುತ್ತಾನೆ. ಮೋಸ ಹೋಗಬೇಡ ಅಂತ ಹೆಬ್ಬಾತು ಕೂಗಿದರೂ ವಿಲ್ಬರ್ ಬಕೆಟ್ಟಿನ ಹಿಂದೆ ನಡೆದುಬಿಡುತ್ತಾನೆ. ಲೋಕಕ್ಕೆ ಒಬ್ಬನೇ ಹೋಗಲು ತಾನು ಇನ್ನೂ ಚಿಕ್ಕವನು ಅಂತ ಅವನಿಗೆ ಅನ್ನಿಸುತ್ತದೆ. ಹೊಟ್ಟೆ ತುಂಬಿಸುವ ಕೈಯೇ ಅವನನ್ನು ಕೊಬ್ಬಿಸುತ್ತಿರುವ ಕೈ. ಇದನ್ನು ‘ಸುರಕ್ಷಿತ ಆಶ್ರಯ’ ಅಂತ ಬರೆದು ಮುಗಿಸಿದರೆ ಕಾದಂಬರಿಗೆ ಅನ್ಯಾಯ ಆಗುತ್ತದೆ. ಇಲ್ಲಿ ಇರಬೇಕಾದರೆ ಏನು ಬೆಲೆ ತೆರಬೇಕು ಎನ್ನುವ ಪ್ರಶ್ನೆಯನ್ನು ವೈಟ್ ಇಷ್ಟು ಬೇಗ ಎತ್ತಿಬಿಟ್ಟಿದ್ದಾರೆ. ನಿಮ್ಮ ಲೇಖನಕ್ಕೆ ಬೇಕಾದ ಪ್ರಶ್ನೆಯೂ ಇದೇ ಅಂತ ನನಗೆ ಅನ್ನಿಸುತ್ತದೆ. ಕೊಟ್ಟಿಗೆಯಲ್ಲಿ ಯಾರಿಗೆ ಜಾಗ ಇದೆ, ಯಾವ ಷರತ್ತಿನ ಮೇಲೆ?

ಈ ಪ್ರಶ್ನೆ ಹಿಡಿದು ನಾಲ್ಕನೇ ಅಧ್ಯಾಯಕ್ಕೆ ಹೋಗಿ. ಮಳೆ ಹಿಡಿದ ದಿನ. ವಿಲ್ಬರ್ ಗಂಟೆ ಗಂಟೆಗೂ ಏನು ಮಾಡಬೇಕು ಅಂತ ಹಾಕಿಕೊಂಡಿದ್ದ ಲೆಕ್ಕವೆಲ್ಲ ಕೆಡುತ್ತದೆ. ಆಡಲು ಬರ್ತೀಯಾ ಅಂತ ಹೆಬ್ಬಾತನ್ನು ಕೇಳುತ್ತಾನೆ. ಅದು ಮೊಟ್ಟೆಗೆ ಕಾವು ಕೊಡುತ್ತಿದೆ. ಕುರಿಮರಿಯನ್ನು ಕೇಳಿದರೆ ಹಂದಿಗಳೆಂದರೆ ತನಗೆ ಏನೂ ಅಲ್ಲದ್ದಕ್ಕಿಂತ ಕಡಿಮೆ ಅನ್ನುತ್ತದೆ. ಇಲಿ ಟೆಂಪಲ್ಟನ್‌ಗೆ ಆಟ ಅಂದರೇನೆಂದೇ ಸರಿಯಾಗಿ ಗೊತ್ತಿಲ್ಲ. ಮೂರು ನಿರಾಕರಣೆಗೂ ಕಾರಣ ಬೇರೆ ಬೇರೆ: ಒಬ್ಬರಿಗೆ ಪುರುಸೊತ್ತಿಲ್ಲ, ಒಬ್ಬರಿಗೆ ತಾತ್ಸಾರ, ಒಬ್ಬರಿಗೆ ಸ್ವಾರ್ಥ. ಹೊಸ ಶಾಲೆಗೆ ಸೇರಿದ ಮಗುವಿಗೆ ಈ ಮೂರೂ ಗೊತ್ತಿರುತ್ತವೆ. ನಿಮ್ಮ ತರಗತಿಯಲ್ಲೇ ನೋಡಿರುತ್ತೀರಿ, ಅಲ್ವಾ? ಕೊನೆಗೆ ಕತ್ತಲಲ್ಲಿ ಒಂದು ದನಿ, ನಾನು ನಿನ್ನ ಗೆಳತಿ ಆಗುತ್ತೇನೆ ಅನ್ನುತ್ತದೆ. ಮುಖ ಕಾಣುವುದಿಲ್ಲ. ಮಾರನೇ ಬೆಳಿಗ್ಗೆ ಮುಖ ಕಂಡಾಗ ಅವಳು ನೊಣದ ರಕ್ತ ಕುಡಿಯುವವಳು. ಸ್ನೇಹ ಎಂಥ ಜೂಜು ಅಂತ ವಿಲ್ಬರ್ ಒಳಗೊಳಗೇ ಹೆದರುತ್ತಾನೆ. ‘ಷಾರ್ಲೆಟ್ ದಯಾಮಯಿ, ಬುದ್ಧಿವಂತೆ’ ಎಂಬ ನಿಮ್ಮ ಪಾತ್ರ ಪರಿಚಯದಲ್ಲಿ ಈ ಹೆದರಿಕೆಗೆ ಜಾಗವೇ ಇಲ್ಲ. ಮೊದಲು ಅಸಹ್ಯ ಹುಟ್ಟಿತು, ಆಮೇಲೆ ಸ್ನೇಹ ಬಂತು. ಆ ಕ್ರಮ ಬಿಟ್ಟರೆ ಅವಳು ನೀತಿಕಥೆಯ ಒಳ್ಳೆಯ ಪ್ರಾಣಿ ಆಗಿಬಿಡುತ್ತಾಳೆ.

ಬಲೆ ಸ್ನೇಹದ ಸಂಕೇತ ಅಂತ ಬರೆದಿದ್ದೀರಿ. ಇಷ್ಟು ಬೇಗ ಅಲ್ಲಿಗೆ ಜಿಗಿಯಬೇಡಿ. ಅದು ಮೊದಲು ಬೇಟೆಯ ಸಾಧನ. ನೊಣಗಳನ್ನು ಮೋಸಗೊಳಿಸುವ ಜಾಣ್ಮೆಯಿಂದಲೇ ಅವಳು ಮನುಷ್ಯರನ್ನೂ ಮೋಸಗೊಳಿಸುತ್ತಾಳೆ. ಕೆಲವು ಪದಗಳನ್ನು ಹುಡುಕುವುದೂ ಕಸದ ರಾಶಿಯಲ್ಲಿ. ಟೆಂಪಲ್ಟನ್ ಪತ್ರಿಕೆಯ ಜಾಹೀರಾತಿನಿಂದ ‘ಕುರುಕಲು’ ಎನ್ನುವ ಅರ್ಥದ ಪದ ತಂದಾಗ ಷಾರ್ಲೆಟ್ ಗಾಬರಿಯಾಗುತ್ತಾಳೆ. ಜನಕ್ಕೆ ಹುರಿದ ಹಂದಿಮಾಂಸ ನೆನಪಾದರೆ ಗತಿ ಏನು! ಮಕ್ಕಳು ಇಲ್ಲಿ ನಗುತ್ತಾರೆ, ಆ ನಗುವಿನ ಕೆಳಗೇ ಕೊಡಲಿ ಇದೆ. ಸಂಕೇತದ ಬಗ್ಗೆ ಬರೆಯುವುದಾದರೆ ಈ ಪುಟಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ಇನ್ನು ತಪ್ಪುಗಳು. ವಿಲ್ಬರ್‌ಗೆ ಮೇಳದಲ್ಲಿ (ಸಾಕುಪ್ರಾಣಿಗಳ ಸ್ಪರ್ಧೆಯೂ ಇರುವ ಜಾತ್ರೆ ಅದು) ಮೊದಲ ಬಹುಮಾನ ಬಂತು ಅಂತ ಬರೆದಿದ್ದೀರಿ. ಆ ನೀಲಿ ರಿಬ್ಬನ್ ಹೋದದ್ದು ಅಂಕಲ್ ಎಂಬ ದೊಡ್ಡ ಹಂದಿಗೆ. ವಿಲ್ಬರ್‌ಗೆ ಸಿಕ್ಕಿದ್ದು ವಿಶೇಷ ಬಹುಮಾನ, 25 ಡಾಲರ್ ಮತ್ತು ಪದಕ. ಇದನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಆದರೆ ‘ಷಾರ್ಲೆಟ್ ತನ್ನ ಪ್ರೀತಿಯ ಕೊಟ್ಟಿಗೆಯಲ್ಲಿ ಗೆಳೆಯನ ಪಕ್ಕ ಕಣ್ಣುಮುಚ್ಚುತ್ತಾಳೆ’ ಎಂಬ ವಾಕ್ಯ ನೋಡಿ ನನಗೆ ಬೇಸರವಾಯಿತು. ಅವಳು ಕೊಟ್ಟಿಗೆಯಲ್ಲಿ ಸಾಯುವುದಿಲ್ಲ. ಗೆಳೆಯ ಪಕ್ಕದಲ್ಲಿರುವುದೂ ಇಲ್ಲ. ಇದು ಇಡೀ ಕಾದಂಬರಿಯ ಅರ್ಥವನ್ನೇ ತಿರುಗಿಸುವ ತಪ್ಪು.

ಏನಾಗುತ್ತದೆ ಅಂತ ಮತ್ತೆ ಓದಿ. ಮೊಟ್ಟೆಯ ದಿನ ಹತ್ತಿರ ಬಂದಿದ್ದರೂ ಅವಳು ವಿಲ್ಬರ್ ಜೊತೆ ಮೇಳಕ್ಕೆ ಹೊರಡುತ್ತಾಳೆ. ಅಲ್ಲೇ ಮೊಟ್ಟೆಚೀಲ ನೇಯುತ್ತಾಳೆ, ಒಳಗೆ 514 ಮೊಟ್ಟೆ. ವಾಪಸ್ ಬರಲು ಮೈಯಲ್ಲಿ ಶಕ್ತಿ ಉಳಿದಿಲ್ಲ. ವಿಲ್ಬರ್ ಗೋಳಾಡುತ್ತಾನೆ. ಆಮೇಲೆ, ಕಥೆಯಲ್ಲಿ ಮೊದಲ ಸಲ, ಅವನೇ ಒಂದು ಉಪಾಯ ಹೂಡುತ್ತಾನೆ. ಮೇಲೆ ಹತ್ತಿ ಮೊಟ್ಟೆಚೀಲ ಇಳಿಸಿಕೊಟ್ಟರೆ ಇನ್ನು ಮುಂದೆ ತೊಟ್ಟಿಯಲ್ಲಿ ಮೊದಲ ಊಟ ನಿನ್ನದೇ ಅಂತ ಟೆಂಪಲ್ಟನ್‌ಗೆ ಮಾತು ಕೊಡುತ್ತಾನೆ. ಬಕೆಟ್ಟಿನ ಹಿಂದೆ ನಡೆದುಹೋಗಿದ್ದ ಅದೇ ಹಂದಿ ಈಗ ತನ್ನ ಊಟವನ್ನೇ ಬಿಟ್ಟುಕೊಡುತ್ತಿದ್ದಾನೆ. ಚೀಲವನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಬಾಯಿ ತೆರೆಯುವಂತಿಲ್ಲ, ಹಾಗಾಗಿ ವಿದಾಯ ಹೇಳಲೂ ಆಗುವುದಿಲ್ಲ. ಕಣ್ಣು ಮಿಟುಕಿಸುತ್ತಾನೆ. ಅವಳು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಮುಂಗಾಲು ಬೀಸುತ್ತಾಳೆ. ಮಾರನೇ ದಿನ ಜೈಂಟ್ ವೀಲ್ ಬಿಚ್ಚುತ್ತಿರುವಾಗ, ಖಾಲಿಯಾದ ಮೈದಾನದಲ್ಲಿ, ಅವಳು ಸಾಯುತ್ತಾಳೆ. ಆಗ ಅವಳ ಜೊತೆ ಯಾರೂ ಇರಲಿಲ್ಲ ಅಂತ ಒಂದು ಚಿಕ್ಕ ವಾಕ್ಯ ಬರೆದು ವೈಟ್ ಅಧ್ಯಾಯ ಮುಗಿಸುತ್ತಾರೆ. ವಿಶೇಷಣವಿಲ್ಲ, ಸಮಾಧಾನದ ಮಾತಿಲ್ಲ. ‘ನಿರೂಪಣೆ ಸರಳವಾಗಿದೆ’ ಅಂತ ನೀವು ಬರೆದಿದ್ದೀರಲ್ಲ, ಆ ಸರಳತೆ ಏನು ಮಾಡುತ್ತದೆ ಅಂತ ತೋರಿಸಲು ಈ ವಾಕ್ಯ ಬೇಕಿತ್ತು.

ಕೊಟ್ಟಿಗೆಯಲ್ಲಿ ವಿಲ್ಬರ್‌ಗೆ ಜಾಗ ಗಟ್ಟಿ ಮಾಡಿಕೊಟ್ಟವಳು ತಾನು ಕೊಟ್ಟಿಗೆಗೆ ಮರಳಲಿಲ್ಲ. ಅವಳ ಮಕ್ಕಳನ್ನು ಮನೆಗೆ ತಂದವನು, ಒಂದು ಕಾಲಕ್ಕೆ ಯಾರೂ ಆಟಕ್ಕೆ ಸೇರಿಸದಿದ್ದ ಹಂದಿ. ಕಥಾಹಂದರ, ಹಿನ್ನೆಲೆ, ಪಾತ್ರದ ಬೆಳವಣಿಗೆ ಮೂರೂ ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿವೆ. ಬೇರೆ ಬೇರೆ ಶೀರ್ಷಿಕೆಯ ಕೆಳಗೆ ಹಂಚಿದ್ದರಿಂದಲೇ ನಿಮಗೆ ಇದು ಕಾಣಲಿಲ್ಲ.

ಫರ್ನ್ ಬಗ್ಗೆ ನಿಮಗೆ ಸಿಟ್ಟಿದೆ. ಉಳಿಸಿದವಳೇ ವಿಲ್ಬರ್‌ನನ್ನು ಮರೆತು, ಮೇಳದಲ್ಲಿ ಹೆನ್ರಿ ಎಂಬ ಹುಡುಗನ ಜೊತೆ ಜೈಂಟ್ ವೀಲ್ ಹತ್ತಲು ಓಡುತ್ತಾಳೆ, ಇದು ಲೇಖಕರ ದೋಷ ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ಆದರೆ ಸಿಟ್ಟನ್ನು ಬಿಡಬೇಡಿ. ನಿಮ್ಮ ಲೇಖನದಲ್ಲಿ ಜೀವ ಇರುವ ಕೆಲವೇ ವಾಕ್ಯಗಳಲ್ಲಿ ಇದೂ ಒಂದು. ಫರ್ನ್ ಮೊದಲಿನಿಂದಲೂ ಕೊಟ್ಟಿಗೆಗೆ ಬಂದು ಸ್ಟೂಲಿನ ಮೇಲೆ ಕೂತು ಕೇಳುವವಳು. ಅವಳಿಗೆ ಹೋಗಲು ಇನ್ನೊಂದು ಲೋಕ ಇದೆ, ವಿಲ್ಬರ್‌ಗೆ ಇಲ್ಲ. ಇಬ್ಬರ ಸ್ನೇಹ ನಿಜವಾದದ್ದೇ, ಆದರೂ ಒಬ್ಬಳು ಬೆಳೆದು ದೂರ ಹೋಗುತ್ತಾಳೆ. ಮಕ್ಕಳ ಪುಸ್ತಕದಲ್ಲಿ ಇದನ್ನು ಮುಚ್ಚಿಡದೆ ಹೇಳಿದ್ದು ದೊಡ್ಡ ಧೈರ್ಯ ಅಂತ ನನ್ನ ಅಭಿಪ್ರಾಯ. ಒಪ್ಪದಿದ್ದರೆ ವಾದ ಮಾಡಿ ಬರೆಯಿರಿ, ಖಂಡಿತ ಹಾಕುತ್ತೇನೆ.

ಈಗ ನಿಮ್ಮ ಆ ಒಳ್ಳೆಯ ಮಾತು. ವಸಂತದಲ್ಲಿ ಜೇಡಮರಿಗಳು ಹುಟ್ಟಿ, ಬಲೂನಿನ ಹಾಗೆ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವೆ. ವಿಲ್ಬರ್ ಅತ್ತು ಅತ್ತು ನಿದ್ದೆ ಹೋಗುತ್ತಾನೆ. ಎದ್ದಾಗ ಮೇಲಿನಿಂದ ಮೂರು ಪುಟ್ಟ ದನಿಗಳು ನಮಸ್ಕಾರ ಹೇಳುತ್ತವೆ. ಈ ಜಾಗ ಇಷ್ಟ, ನೀನೂ ಇಷ್ಟ, ನಾವು ಇಲ್ಲೇ ಇರುತ್ತೇವೆ ಅನ್ನುತ್ತವೆ. ‘ಮೊದಲು ಷಾರ್ಲೆಟ್ ಹೇಳಿದ್ದ ಅದೇ ನಮಸ್ಕಾರ ಇಲ್ಲಿ ಮತ್ತೆ ಬಂದಿದೆ, ಆದರೆ ಈಗ ವಿಲ್ಬರ್ ಹಳಬ, ಬಂದವರು ಹೊಸಬರು’ ಅಂತ ನೀವು ಬರೆದಿದ್ದೀರಿ. ಎಷ್ಟು ಚೆನ್ನಾಗಿ ಗಮನಿಸಿದ್ದೀರಿ! ಬರೆದು ಮರುಸಾಲಿಗೇ ‘ಹೀಗೆ ಸ್ನೇಹ ಅಮರ’ ಅಂತ ಮುಗಿಸಿಬಿಟ್ಟಿದ್ದೀರಿ. ದಯವಿಟ್ಟು ಅಲ್ಲಿಂದಲೇ ಶುರು ಮಾಡಿ. ಜೇಡಮರಿಗಳ ಆ ಮಾತಿನಲ್ಲಿ ಜಾಗ, ಗೆಳೆಯ ಎರಡೂ ಇವೆ. ನಿಮ್ಮ ವಿಷಯ ಪೂರ್ತಿಯಾಗಿ ಅಲ್ಲೇ ಇದೆ. ಅವರಿಗೆ ಯಾವ ಷರತ್ತೂ ಹಾಕದೆ ವಿಲ್ಬರ್ ಸ್ನೇಹದ ಮಾತು ಕೊಡುತ್ತಾನೆ. ಅವನು ಇದನ್ನು ಎಲ್ಲಿ ಕಲಿತ ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗಿ: ತೊಟ್ಟಿಯ ಒಪ್ಪಂದ, ಮೇಳದ ಮೈದಾನ, ಮಳೆಯ ದಿನ, ಕಲಗಚ್ಚಿನ ಬಕೆಟ್ಟು. ಲೇಖನದ ದಾರಿ ತಾನಾಗಿ ಸಿಗುತ್ತದೆ.

ಉಪಶೀರ್ಷಿಕೆ ಎಲ್ಲ ತೆಗೆಯಿರಿ. ‘ಮನೋಜ್ಞ’, ‘ಅದ್ಭುತ’, ‘ಹೃದಯಸ್ಪರ್ಶಿ’ ಜಾಸ್ತಿ ಆಗಿವೆ, ಒಂದೂ ಬೇಡ. ಷಾರ್ಲೆಟ್‌ಳನ್ನು ಒಂದು ಕಡೆ ‘ಅದು’, ಇನ್ನೊಂದು ಕಡೆ ‘ಅವಳು’ ಅಂದಿದ್ದೀರಿ, ‘ಅವಳು’ ಅಂತಲೇ ಇರಲಿ. ಪುಸ್ತಕವನ್ನು ಮೊದಲಿನಿಂದ ಇನ್ನೊಮ್ಮೆ ಓದಿ, ಈ ಸಲ ಪೆನ್ಸಿಲ್ ಹಿಡಿದು. ಸಾಧ್ಯವಾದರೆ ಕೊನೆಯ ಎರಡು ಅಧ್ಯಾಯಗಳನ್ನು ನಿಮ್ಮ ಮಕ್ಕಳಿಗೆ ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ಪ್ರಶ್ನೆ ಕೇಳುತ್ತಾರೆ ಅಂತ ಗುರುತು ಮಾಡಿಕೊಳ್ಳಿ, ಅದಕ್ಕೂ ಲೇಖನದಲ್ಲಿ ಜಾಗ ಕೊಡಿ. 1,200 ಪದಗಳ ಒಳಗೆ ಬರೆದು ಕಳಿಸಿ. ಅವಸರ ಇಲ್ಲ. ಬಂದ ಕೂಡಲೇ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ