ಇವಾ ನಿಲ್: ಫೋಟೊ ಉಂಟು, ಸಿನಿಮಾ ಎಲ್ಲಿ?

ಪ್ರಶ್ನೆ: ಬ್ರೆಜಿಲ್‌ನ ಮೂಕಿ ಚಿತ್ರಗಳ ಬಗ್ಗೆ ಓದುವಾಗ ಇವಾ ನಿಲ್ ಎಂಬ ನಟಿಯ ಫೋಟೊಗಳು ಬೇಕಾದಷ್ಟು ಸಿಕ್ಕವು, ನೋಡಲು ಸಿನಿಮಾ ಮಾತ್ರ ಸಿಗಲಿಲ್ಲ. ಅವರು ಬೇಗ ಮರೆಯಾದದ್ದೇಕೆ? ಹೆಚ್ಚಿನ ವಿವರಕ್ಕೆ ಎಲ್ಲಿ ಹುಡುಕಲಿ?

ಉತ್ತರ: ಇವಾ ಹುಟ್ಟಿದ್ದು 1909ರಲ್ಲಿ, ಈಜಿಪ್ಟಿನ ಕೈರೋದಲ್ಲಿ. ನಿಜನಾಮ ಇವಾ ಕೊಮೆಲ್ಲೊ. ತಂದೆ ಪೆದ್ರೊ ಕೊಮೆಲ್ಲೊ ಇಟಲಿ ಮೂಲದ ಫೋಟೊಗ್ರಾಫರ್. ಮಿನಾಸ್ ಜೆರೈಸ್ ರಾಜ್ಯದ ಕತಗ್ವಾಜಿಸ್ ಎಂಬ ಸಣ್ಣ ಊರಿನಲ್ಲಿ ಸ್ಟುಡಿಯೊ ಇಟ್ಟಿದ್ದರು. ಮುಂದೆ ಬ್ರೆಜಿಲ್‌ನ ದೊಡ್ಡ ನಿರ್ದೇಶಕನೆನಿಸಿದ ಉಂಬೆರ್ತೊ ಮೌರೊ ಕ್ಯಾಮೆರಾ ಕಲಿತದ್ದು ಇವರ ಬಳಿಯೇ. 1925ರಲ್ಲಿ ಇಬ್ಬರೂ ಸೇರಿ ಪಾಥೆ ಬೇಬಿ ಎಂಬ 9.5 ಮಿ.ಮೀ. ಕ್ಯಾಮೆರಾದಲ್ಲಿ ಪುಟ್ಟ ಚಿತ್ರವೊಂದನ್ನು ತೆಗೆದರು. ಕೈಯಲ್ಲಿ ತಿರುಗಿಸುವ ಈ ಕ್ಯಾಮೆರಾಕ್ಕೆ ಒಮ್ಮೆಗೆ ಹಿಡಿಯುತ್ತಿದ್ದದ್ದು ಸುಮಾರು 9 ಮೀಟರ್ ಫಿಲ್ಮ್. ಅಂದರೆ ಒಂದೂಕಾಲು ನಿಮಿಷ ಓಡಿದರೆ ಮುಗಿಯಿತು, ಮತ್ತೆ ಹೊಸದನ್ನು ತುಂಬಬೇಕು.

1926ರ 'ನಾ ಪ್ರಿಮಾವೆರಾ ದಾ ವಿದಾ' ಮೌರೊ ನಿರ್ದೇಶನದ್ದು, ಇವಾ ನಾಯಕಿ. ಆಮೇಲೆ ತಂದೆ ಬೇರೆಯಾಗಿ ನಿಂತು 1927ರಲ್ಲಿ 'ಸೆನ್ಯೊರಿತಾ ಅಗೋರಾ ಮೆಸ್ಮೊ' ತೆಗೆದರು. ಮೌರೊನ 'ಬ್ರಾಜಾ ದೊರ್ಮಿದಾ'ಕ್ಕೆ ನಾಯಕಿಯಾಗಿ ಮೊದಲು ಇವಾ ಹೆಸರೇ ಇತ್ತು, ಕೊನೆಗೆ ಆ ಪಾತ್ರ ನೀತಾ ನೇ ಎಂಬ ನಟಿಯ ಪಾಲಾಯಿತು. 1929ರಲ್ಲಿ ತೆರೆಕಂಡ ಅದೆಮಾರ್ ಗೊಂಜಾಗ ಅವರ 'ಬಾರ್ರೊ ಉಮಾನೊ'ದಲ್ಲಿ ನಟಿಸಿದ ಮೇಲೆ ಇವಾ ಮತ್ತೆ ತೆರೆಗೆ ಬರಲಿಲ್ಲ. ಕತಗ್ವಾಜಿಸ್‌ಗೆ ಮರಳಿ ತಾವೇ ಫೋಟೊಗ್ರಾಫರ್ ಆದರು. ತೀರಿಕೊಂಡದ್ದು 1990ರಲ್ಲಿ. ಅವರು ತೆರೆ ಬಿಟ್ಟದ್ದನ್ನು ಸೋಲು ಎಂದು ಬರೆಯುವವರಿದ್ದಾರೆ, ನಾವು ಒಪ್ಪುವುದಿಲ್ಲ. ಕಲಿತ ಕಸುಬೊಂದು ಕೈಯಲ್ಲಿತ್ತು, ಅದರಲ್ಲೇ ಬದುಕಿದರು.

ಫೋಟೊ ಉಳಿದು ಸಿನಿಮಾ ಅಳಿದದ್ದಕ್ಕೆ ಕಾರಣ ಫಿಲ್ಮಿನಲ್ಲೇ ಇದೆ. ಆಗಿನ 35 ಮಿ.ಮೀ. ಚಿತ್ರಗಳು ನೈಟ್ರೇಟ್ ಫಿಲ್ಮಿನವು. ಸೆಕೆಯಲ್ಲಿ ಅದು ತಾನೇ ಅನಿಲ ಬಿಡುತ್ತದೆ. ಆ ಅನಿಲ ತೇವದೊಡನೆ ಸೇರಿ ಆಮ್ಲವಾಗಿ ಚಿತ್ರವನ್ನು ತಿನ್ನುತ್ತದೆ. ಮೊದಲು ಬಿಂಬ ಮಾಸುತ್ತದೆ, ಆಮೇಲೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ, ನೊರೆಗುಳ್ಳೆ ಏಳುತ್ತದೆ, ಕಡೆಗೆ ಉಳಿಯುವುದು ಕಂದು ಪುಡಿ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಅನಿಲ ಹೊರಹೋಗದೆ ಕೆಡುವುದು ಇನ್ನೂ ಬೇಗ. ಬೆಂಕಿ ಹತ್ತಿದರೆ ಉರಿಯಲು ಹೊರಗಿನ ಗಾಳಿಯೂ ಬೇಡ, ನೀರಿಗೂ ಆರದು. ಸಣ್ಣ ಕಂಪನಿಗಳ ಚಿತ್ರಕ್ಕೆ ಪ್ರತಿಗಳೂ ಬೆರಳೆಣಿಕೆಯಷ್ಟೇ. 'ನಾ ಪ್ರಿಮಾವೆರಾ', 'ಬಾರ್ರೊ ಉಮಾನೊ' ಎರಡೂ ಹೀಗೆ ಕಳೆದುಹೋದ ಚಿತ್ರಗಳ ಪಟ್ಟಿಯಲ್ಲಿವೆ. ಇವಾ ಹೆಸರು ಬ್ರೆಜಿಲ್ ತುಂಬ ಹರಡಿದ್ದು 1926ರಲ್ಲಿ ಶುರುವಾದ 'ಸಿನೆಯಾರ್ತೆ' ಪತ್ರಿಕೆಯ ಪುಟಗಳಿಂದ. ಆ ಕಾಗದವೇ ಇಂದಿಗೂ ಅವರ ಮುಖವನ್ನು ಕಾಪಾಡಿದೆ.

ಹುಡುಕಾಟವನ್ನೂ ಅಲ್ಲಿಂದಲೇ ಶುರು ಮಾಡಿ. ಬ್ರೆಜಿಲ್ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಪತ್ರಿಕಾ ಸಂಗ್ರಹದಲ್ಲಿ 'ಸಿನೆಯಾರ್ತೆ' ಉಚಿತವಾಗಿ ಸಿಗುತ್ತದೆ. 1926ರಿಂದ 1929ರವರೆಗಿನ ಸಂಚಿಕೆಗಳು ಸಾಕು. 'ಇವಾ ನಿಲ್' (Eva Nil), 'ಇವಾ ಕೊಮೆಲ್ಲೊ' (Eva Comello) ಎರಡನ್ನೂ ಹಾಕಿ ನೋಡಿ. ಚಿತ್ರದ ಹೆಸರುಗಳಲ್ಲಿ ಹಳೆಯ ಕಾಗುಣಿತ ಕಾಡುತ್ತದೆ: 'ಬ್ರಾಜಾ'ದಲ್ಲಿ ಆಗ ಝಡ್ (Braza), ಈಗ ಎಸ್ (Brasa). ಒಂದರಲ್ಲಿ ಸಿಗದಿದ್ದರೆ ಇನ್ನೊಂದನ್ನು ಹಾಕಿ. 'ಬಾರ್ರೊ ಉಮಾನೊ'ದಲ್ಲಿ ಇವಾ ಶ್ನೂರ್ ಎಂಬ ಇನ್ನೊಬ್ಬ ನಟಿಯೂ ಇದ್ದಾರೆ, ಅಡಿಬರಹ ಓದದೆ ಫೋಟೊ ಇಳಿಸಿಕೊಳ್ಳಬೇಡಿ.

ಅದೇ ಊರಿನ, ಅದೇ ಕಾಲದ ಚಿತ್ರ ಹೇಗಿರುತ್ತಿತ್ತು ಎಂದು ನೋಡಬೇಕಿದ್ದರೆ 'ಬ್ರಾಜಾ ದೊರ್ಮಿದಾ' ಉಳಿದಿದೆ. ಎದ್ಗಾರ್ ಬ್ರಾಸಿಲ್ ಅವರ ಛಾಯಾಗ್ರಹಣಕ್ಕಾಗಿಯಾದರೂ ನೋಡಲೇಬೇಕು. ಪಾತ್ರಗಳು ಕುಪ್ಪಳಿಸಿದಂತೆ ಕಂಡರೆ ಅದು ನಟರ ತಪ್ಪಲ್ಲ. ಸೆಕೆಂಡಿಗೆ 18ರ ಆಸುಪಾಸು ಫ್ರೇಮುಗಳಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದಾಗ ಹಾಗಾಗುತ್ತದೆ. ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ನಡಿಗೆ ಸಹಜವಾಗುತ್ತದೆ.