ತೋಪಿನ ಮೂತಿ ಎಷ್ಟು ಬಾಗೀತು?

ಪ್ರಶ್ನೆ: ಕಂಪ್ಯೂಟರಿನ ಟ್ಯಾಂಕ್ ಆಟಗಳಲ್ಲಿ ರಷ್ಯನ್ ಟ್ಯಾಂಕ್ ಹಿಡಿದರೆ ದಿಬ್ಬದ ಮೇಲಿಂದ ಕೆಳಗಿನ ಶತ್ರುವಿಗೆ ಗುರಿ ಇಡಲು ಆಗುವುದೇ ಇಲ್ಲ. ನಿಜವಾದ ಟ್ಯಾಂಕಿಗೂ ಈ ಪಾಡು ಇದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಇದೆ. ಟಿ-55ರ ತೋಪು ಕೆಳಕ್ಕೆ ಬಾಗುವುದು 5 ಡಿಗ್ರಿ, ಟಿ-72ರದು ಸುಮಾರು 6. ಬ್ರಿಟನ್ನಿನ ಸೆಂಚುರಿಯನ್ ಮತ್ತು ಅಮೆರಿಕದ ಅಬ್ರಾಮ್ಸ್ 10 ಡಿಗ್ರಿ ಬಾಗುತ್ತವೆ, ಜರ್ಮನಿಯ ಲೆಪರ್ಡ್-2 ಒಂದು ಡಿಗ್ರಿ ಕಡಿಮೆ.

ಅಡ್ಡ ಬರುವುದು ಟರೆಟ್ಟಿನ, ಅಂದರೆ ತೋಪನ್ನು ಹೊತ್ತು ತಿರುಗುವ ಮೇಲಿನ ಗೋಪುರದ, ಚಾವಣಿ. ತೋಪು ಏತದ ಮರದ ಹಾಗೆ. ಮುಂದೆ ಮೂತಿ ಇಳಿದರೆ ಒಳಗೆ ಬ್ರೀಚ್ (ಗುಂಡು ತುಂಬುವ ಹಿಂತುದಿ) ಏರುತ್ತದೆ. ತಿರುಗುಕೀಲಿನಿಂದ ಬ್ರೀಚಿನ ತುದಿಗೆ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. 5 ಡಿಗ್ರಿ ಬಾಗಿದರೆ ಅದು 13 ಸೆಂ.ಮೀ. ಏರುತ್ತದೆ, 10 ಡಿಗ್ರಿಗೆ 26. ಗುಂಡು ಹಾರಿದಾಗ ಬ್ರೀಚ್ ಅದೇ ಓರೆಯಲ್ಲಿ ಹಿಂದಕ್ಕೆ ನುಗ್ಗಿ ಇನ್ನಷ್ಟು ಮೇಲೆ ಹೋಗುತ್ತದೆ. ಆ ಜಾಗ ಬೇಕೆಂದರೆ ಚಾವಣಿ ಎತ್ತರಿಸಬೇಕು. ಎತ್ತರಿಸಿದರೆ ಕವಚದ ತೂಕ ಹೆಚ್ಚುತ್ತದೆ, ಶತ್ರುವಿಗೆ ಗುರಿಯೂ ದೊಡ್ಡದಾಗುತ್ತದೆ. ಟಿ-55ರ ಎತ್ತರ ಸುಮಾರು 2.4 ಮೀಟರ್, ಸೆಂಚುರಿಯನ್ನಿನದು 3 ಮೀಟರಿನ ಹತ್ತಿರ. ಬಯಲಲ್ಲಿ ಮುನ್ನುಗ್ಗಲು ಟ್ಯಾಂಕ್ ಕಟ್ಟಿದ ಸೋವಿಯತ್ ವಿನ್ಯಾಸಕರು ತಗ್ಗು ಮೈಯನ್ನು ಆರಿಸಿಕೊಂಡರು. ಅದನ್ನು ದಡ್ಡತನ ಎನ್ನಲಾಗದು.

ಪ್ರಶ್ನೆ: ನಾಲ್ಕೈದು ಡಿಗ್ರಿಯಿಂದ ಏನು ಮಹಾ ವ್ಯತ್ಯಾಸ?
– ಓದುಗರು, ಗದಗ

ಉತ್ತರ: ಲೆಕ್ಕ ಹಾಕಿ ನೋಡಿ. ದಿಬ್ಬದ ಹಿಂಬದಿಯ ಇಳಿಜಾರಿನಲ್ಲಿ ಟರೆಟ್ ಮಾತ್ರ ಕಾಣುವಂತೆ ಟ್ಯಾಂಕ್ ನಿಂತಿದೆ. ಇಳಿಜಾರು 6 ಡಿಗ್ರಿ ಇದ್ದರೆ ಟ್ಯಾಂಕಿನ ಮುಂಭಾಗವೂ ಅಷ್ಟೇ ಎದ್ದಿರುತ್ತದೆ. ಶತ್ರು 1,000 ಮೀಟರ್ ಆಚೆ, 50 ಮೀಟರ್ ಕೆಳಗಿದ್ದಾನೆ ಎಂದರೆ ಇನ್ನೊಂದು 3 ಡಿಗ್ರಿ. ಒಟ್ಟು 9. ಸೆಂಚುರಿಯನ್ ನಿಂತಲ್ಲಿಂದಲೇ ಹೊಡೆಯುತ್ತದೆ. ಟಿ-55 ತನ್ನ 5 ಡಿಗ್ರಿಯನ್ನು ಪೂರ್ತಿ ಬಳಸಿದರೂ ಮೂತಿ ಆಕಾಶದ ಕಡೆಗೇ 1 ಡಿಗ್ರಿ ಎದ್ದಿರುತ್ತದೆ. ಹೊಡೆಯಬೇಕೆಂದರೆ ನೆತ್ತಿಯವರೆಗೆ ಹತ್ತಿ ಮೈಯೆಲ್ಲ ತೋರಿಸಬೇಕು.

1973ರ ಅಕ್ಟೋಬರ್ ಯುದ್ಧದಲ್ಲಿ ಇಸ್ರೇಲಿನ ಸೆಂಚುರಿಯನ್‌ಗಳು ಗೋಲಾನ್ ಎತ್ತರಪ್ರದೇಶದಲ್ಲಿ ಮೊದಲೇ ಕಟ್ಟಿಟ್ಟ ಮಣ್ಣಿನ ದಿಬ್ಬಗಳ ಮರೆಯಿಂದ ಸಿರಿಯಾದ ಟಿ-55, ಟಿ-62ಗಳನ್ನು ಎದುರಿಸಿದವು. ಗೆಲುವೆಲ್ಲ ಈ ಡಿಗ್ರಿಗಳದ್ದೇ ಎಂದರೆ ಅತಿಯಾಯಿತು, ಗುರಿಕಾರರ ತರಬೇತಿಯ ಪಾಲು ದೊಡ್ಡದು.

ಬಾಗು ಕಡಿಮೆ ಇದ್ದವರಿಗೂ ಉಪಾಯವುಂಟು: ಇಳಿದು ಮೈ ಮರೆಸಿಕೊಳ್ಳುವ ಹೊಂಡ. ಟಿ-72ರ ಮುಂಭಾಗದ ಕೆಳಗೆ ಮಣ್ಣು ತಳ್ಳುವ ಅಲಗೇ ಇದೆ. ಹೊಂಡದ ತಳ ಮಟ್ಟವಾಗಿದ್ದರೆ 6 ಡಿಗ್ರಿಯೂ ಕೈಗೆ ಸಿಗುತ್ತದೆ. ಅವಸರದಲ್ಲಿ ತೋಡಿ ಮುಂಭಾಗ 2 ಡಿಗ್ರಿ ಎದ್ದು ನಿಂತರೆ ಉಳಿಯುವುದು ನಾಲ್ಕೇ.

ಪ್ರಶ್ನೆ: ಮೇಜಿನ ಮೇಲೆ 1:72 (ನಿಜದ 72ರಲ್ಲಿ ಒಂದು ಪಾಲಿನ) ಮಾದರಿಗಳಿಂದ ಯುದ್ಧದ ಆಟ ಆಡುತ್ತೇವೆ. ಈ ಮಿತಿಯನ್ನು ನಿಯಮದೊಳಗೆ ತರುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಮೊದಲು ಹೊಳೆಯುವುದು ರಟ್ಟಿನ ಅಳತೆಪಟ್ಟಿ. 100 ಮಿ.ಮೀ. ಉದ್ದದ ತ್ರಿಕೋನ ಕತ್ತರಿಸಿ. ಒಂದು ತುದಿಯ ಎತ್ತರ 5 ಡಿಗ್ರಿಗೆ 8.7 ಮಿ.ಮೀ., 6ಕ್ಕೆ 10.5, 10ಕ್ಕೆ 17.6. ಅದನ್ನು ಮೇಜಿಗೆ ಹೊಂದಿಸಿ ಹಿಡಿಯುವುದು ಸಾಮಾನ್ಯ ತಪ್ಪು. ತೋಪಿನ ಮಿತಿ ಟ್ಯಾಂಕಿನ ಮೈಗೆ ಸಂಬಂಧಿಸಿದ್ದು, ಆದ್ದರಿಂದ ಮಾದರಿಯ ತಳಕ್ಕೆ ಸಮವಾಗಿ ಹಿಡಿಯಿರಿ.

ತೊಡಕು ಬೇರೆಡೆ ಇದೆ. 50 ಮಿ.ಮೀ. ಗುಡ್ಡದ ಅಂಚಿನಲ್ಲಿ ನಿಂತ ಮಾದರಿಯ ಮೂತಿ ಮೇಜಿನಿಂದ 78 ಮಿ.ಮೀ. ಎತ್ತರದಲ್ಲಿದೆ ಎನ್ನಿ. 5 ಡಿಗ್ರಿಯ ಗೆರೆ ಮೇಜನ್ನು ಮುಟ್ಟುವುದು 89 ಸೆಂ.ಮೀ. ಆಚೆ, 10 ಡಿಗ್ರಿಯದು 44 ಸೆಂ.ಮೀ.ಗೆ. ಅರ್ಧ ಮೇಜೇ ಗುರಿ ತಪ್ಪಿತು! ನಿಜದ ಅಳತೆಯಲ್ಲಿ ಆ 89 ಸೆಂ.ಮೀ. ಬರೀ 64 ಮೀಟರ್. ನಿಮ್ಮ ನಿಯಮದಲ್ಲಿ ಅದು ಒಂದು ಕಿಲೋಮೀಟರ್ ಆಗಿರಬಹುದು. ದೂರ ಕುಗ್ಗಿದೆ, ಎತ್ತರ ಕುಗ್ಗಿಲ್ಲ. ಕಂಪ್ಯೂಟರ್ ಆಟದ ರೋಗವೂ ಇದೇ: ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ಶತ್ರುವನ್ನು ಪತ್ತೆಹಚ್ಚುವ ಗರಿಷ್ಠ ದೂರ 445 ಮೀಟರ್. ಗುಡ್ಡಗಳೆಲ್ಲ ಅಷ್ಟರೊಳಗೆ ಒತ್ತೊತ್ತಾಗಿರುವುದರಿಂದ 10 ಡಿಗ್ರಿಯ ಬೆಲೆ ಅಲ್ಲಿ ನಿಜಕ್ಕಿಂತ ಹೆಚ್ಚು.

ಆದ್ದರಿಂದ ಅಳತೆಪಟ್ಟಿ ಬಿಡಿ. ಆಟಕ್ಕೆ ಮುಂಚೆಯೇ ಪ್ರತಿ ದಿಬ್ಬವನ್ನು ‘ಇಳುಕಲು’ ಅಥವಾ ‘ಕಡಿದು’ ಎಂದು ಗುರುತಿಸಿ. ಇಳುಕಲಿನ ಮರೆಯಿಂದ ಎಲ್ಲ ಟ್ಯಾಂಕ್‌ಗಳೂ ಹೊಡೆಯಲಿ. ಕಡಿದಾದ ಕಡೆ 9–10 ಡಿಗ್ರಿಯವಕ್ಕೆ ಮಾತ್ರ ಆ ಅವಕಾಶ. 5–6 ಡಿಗ್ರಿಯವು ಅಲ್ಲಿಂದ ನೋಡಬಹುದು, ಹೊಡೆದರೆ ಆ ಸರದಿಗೆ ಮರೆಯ ಲಾಭ ಕಳೆದುಕೊಳ್ಳಬೇಕು.